ಸಾಂಬಾರ ಪದಾರ್ಥ: ಲೆಕ್ಕ ರಫ್ತಿನದು, ಮಾರುಕಟ್ಟೆ ಮನೆಯದು

ಆರ್ಥಿಕ ವರ್ಷ ಮುಗಿದು ಒಂದೆರಡು ತಿಂಗಳಾಗುತ್ತಲೇ ಸಾಂಬಾರ ಪದಾರ್ಥಗಳ ರಫ್ತಿನ ಅಂಕಿ ಅಂಶಗಳು ಪ್ರಕಟವಾಗುತ್ತವೆ. ಬಹುತೇಕ ವರ್ಷಗಳಲ್ಲಿ ಅದು ದಾಖಲೆಯ ಸುದ್ದಿಯೇ. 2005-06ರಲ್ಲಿ ನಮ್ಮ ದೇಶದಿಂದ ಸುಮಾರು 3.5 ಲಕ್ಷ ಟನ್ ಸಾಂಬಾರ ಪದಾರ್ಥಗಳು ಹೊರಗೆ ಹೋಗಿದ್ದವು. ಮೌಲ್ಯ ಸುಮಾರು 2,627 ಕೋಟಿ ರೂಪಾಯಿ. 2010-11ರ ವೇಳೆಗೆ ಅದು 5.25 ಲಕ್ಷ ಟನ್ ಹಾಗೂ 6,840 ಕೋಟಿ ರೂಪಾಯಿಗೆ ಏರಿತು. 2023-24ರಲ್ಲಿ 15.4 ಲಕ್ಷ ಟನ್, ಸುಮಾರು 36,950 ಕೋಟಿ ರೂಪಾಯಿ. ಈ ಏರಿಕೆಯನ್ನು ಕಂಡು ಸಂತೋಷಪಡದ ವರ್ತಕನಿಲ್ಲ.

ಆದರೆ ಲೆಕ್ಕಪರಿಶೋಧಕನಿಗೆ ಮೊತ್ತವನ್ನು ನೋಡಿದೊಡನೆ ಅದನ್ನು ತೂಕದಿಂದ ಭಾಗಿಸಿ ನೋಡುವ ಚಪಲ. 2010-11ರಲ್ಲಿ ರಫ್ತಾದ ಒಂದು ಕಿಲೋ ಸಾಂಬಾರ ಪದಾರ್ಥಕ್ಕೆ ಸರಾಸರಿ 130 ರೂಪಾಯಿ ದೊರೆತಿತ್ತು; 2023-24ರಲ್ಲಿ 240 ರೂಪಾಯಿ. ಇದೇ ಲೆಕ್ಕವನ್ನು ಡಾಲರಿನಲ್ಲಿ ಮಾಡಿದರೆ ಚಿತ್ರವೇ ಬೇರೆ. 2010-11ರಲ್ಲಿ ಕಿಲೋಗೆ 2.86 ಡಾಲರ್, 2023-24ರಲ್ಲಿ 2.90 ಡಾಲರ್. ಹದಿಮೂರು ವರ್ಷಗಳಲ್ಲಿ ತೂಕ ಮೂರು ಪಟ್ಟಿಗೆ ಸಮೀಪಿಸಿದೆ, ಆದರೆ ವಿದೇಶಿ ಗ್ರಾಹಕ ನಮಗೆ ಕೊಟ್ಟ ದರ ನಾಲ್ಕು ಸೆಂಟು ಮಾತ್ರ ಹೆಚ್ಚಿದೆ. ಆ ಅವಧಿಯ ಅಮೆರಿಕದ ಹಣದುಬ್ಬರವನ್ನು ಕಳೆದರೆ ವಾಸ್ತವದಲ್ಲಿ ಇಳಿದಿದೆ. ರೂಪಾಯಿ ಲೆಕ್ಕದಲ್ಲಿ ಕಂಡ ಏರಿಕೆಯೆಲ್ಲ ಡಾಲರಿಗೆ 45 ರೂಪಾಯಿಯಿದ್ದದ್ದು 83ರ ಸಮೀಪಕ್ಕೆ ಬಂದುದರ ಫಲ. ರಫ್ತಿನ ಬುಟ್ಟಿಯಲ್ಲಿ ಯಾವ ಪದಾರ್ಥ ಎಷ್ಟಿದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಈ ಸರಾಸರಿಯನ್ನು ಅಕ್ಷರಶಃ ಹಿಡಿಯಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೂ ಪ್ರಮಾಣದ ಬೆಳವಣಿಗೆಯನ್ನೇ ಮೌಲ್ಯದ ಬೆಳವಣಿಗೆಯೆಂದು ತಿಳಿಯಬಾರದು ಎನ್ನುವಷ್ಟಕ್ಕೆ ಈ ಲೆಕ್ಕ ಸಾಕು.

ಇನ್ನೊಂದು ಅಂಕಿ ಇದಕ್ಕಿಂತಲೂ ಮುಖ್ಯವಾದುದು. ದೇಶದ ಒಟ್ಟು ಸಾಂಬಾರ ಉತ್ಪಾದನೆ ಇತ್ತೀಚಿನ ವರ್ಷಗಳಲ್ಲಿ 1.1 ಕೋಟಿ ಟನ್ನಿನ ಮೇಲಿದೆ. ಅಂದರೆ ರಫ್ತಾಗುವುದು ಸ್ಥೂಲವಾಗಿ ಏಳರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಬೆಳ್ಳುಳ್ಳಿಯೂ ಶುಂಠಿಯೂ ಸೇರಿವೆ, ಬೆಳ್ಳುಳ್ಳಿಯೊಂದೇ ಮೂವತ್ತು ಲಕ್ಷ ಟನ್ ಮೀರುತ್ತದೆ, ಅವುಗಳನ್ನು ಕಾಳುಮೆಣಸಿನ ಜೊತೆ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯೇ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಅವನ್ನು ಬಿಟ್ಟು ಒಣಮೆಣಸಿನಕಾಯಿಯನ್ನೇ ತೆಗೆದುಕೊಳ್ಳೋಣ. ರಫ್ತಿನಲ್ಲಿ ಮೊದಲ ಸ್ಥಾನ ಇದರದು. 2023-24ರಲ್ಲಿ ಆರು ಲಕ್ಷ ಟನ್ ಹೊರಗೆ ಹೋಯಿತು, ಚೀನಾ ಅತಿ ದೊಡ್ಡ ಗಿರಾಕಿ. ಹಾಗಿದ್ದರೂ ಇಪ್ಪತ್ತು ಲಕ್ಷ ಟನ್ ಮೀರಿದ ಬೆಳೆಯ ಬಹುಪಾಲು ನಮ್ಮ ದೇಶದ ಅಡುಗೆಮನೆಗಳಲ್ಲಿಯೇ ಮುಗಿಯುತ್ತದೆ.

ಅಂದಮೇಲೆ ಈ ವ್ಯಾಪಾರದ ಮೂಲ ಆಧಾರ ಮನೆಬಳಕೆ. ನಮ್ಮ ನೀತಿ, ನಮ್ಮ ಸಂಸ್ಥೆಗಳು, ನಮ್ಮ ಅಂಕಿ ಅಂಶಗಳು ಮಾತ್ರ ರಫ್ತಿನ ಸುತ್ತ ಕಟ್ಟಲ್ಪಟ್ಟಿವೆ. ಏಲಕ್ಕಿ ಮಂಡಳಿಯನ್ನೂ ಸಾಂಬಾರ ರಫ್ತು ಪ್ರೋತ್ಸಾಹಕ ಮಂಡಳಿಯನ್ನೂ ಒಂದುಗೂಡಿಸಿ 1986ರ ಕಾಯ್ದೆಯ ಮೇರೆಗೆ 1987ರಲ್ಲಿ ಕೊಚ್ಚಿಯಲ್ಲಿ ಸಾಂಬಾರ ಮಂಡಳಿ ಸ್ಥಾಪಿತವಾಯಿತು. 52 ಪದಾರ್ಥಗಳು ಅದರ ಪಟ್ಟಿಯಲ್ಲಿವೆ. ವಿದೇಶಿ ವಿನಿಮಯಕ್ಕೆ ದೇಶ ಪರದಾಡುತ್ತಿದ್ದ ಕಾಲದ ಆ ರಚನೆಗೆ ಆಗ ಕಾರಣವಿತ್ತು. ಇಂದು ಕೊಚ್ಚಿಯ ಹಡಗುಕಟ್ಟೆಯಿಂದ ಎಷ್ಟು ಹೊರಟಿತು ಎಂಬುದು ಕಿಲೋ ಲೆಕ್ಕದಲ್ಲಿ ತಿಳಿಯುತ್ತದೆ; ಹುಬ್ಬಳ್ಳಿಯಲ್ಲಿಯೋ ಇಂದೂರಿನಲ್ಲಿಯೋ ಎಷ್ಟು ಖರ್ಚಾಯಿತು ಎಂಬುದನ್ನು ಊಹಿಸಬೇಕು.

ಮನೆಬಳಕೆಯ ದಿಕ್ಕನ್ನು ಸೂಚಿಸುವ ಅಂಕಿಗಳು ಇಲ್ಲವೆಂದಲ್ಲ. 1999-2000ರಲ್ಲಿ ಗ್ರಾಮೀಣ ಕುಟುಂಬದ ಬಳಕೆ ವೆಚ್ಚದಲ್ಲಿ ಧಾನ್ಯಗಳ ಪಾಲು ಶೇ. 22ರಷ್ಟಿತ್ತು, 2022-23ರ ಸಮೀಕ್ಷೆಯಲ್ಲಿ ಅದು ಶೇ. 5ಕ್ಕಿಂತ ಕೆಳಗಿಳಿದಿದೆ. ಅದೇ ಸಮೀಕ್ಷೆಯಲ್ಲಿ ಪಾನೀಯ ಮತ್ತು ಸಂಸ್ಕರಿತ ಆಹಾರಗಳ ಪಾಲು ಹಳ್ಳಿಗಳಲ್ಲಿ ಶೇ. 9.6, ಪಟ್ಟಣಗಳಲ್ಲಿ ಶೇ. 10.6. ಅಕ್ಕಿ ಜೋಳಕ್ಕೆ ಹೋಗುತ್ತಿದ್ದ ಹಣ ಹಾಲು, ಮೊಟ್ಟೆ, ಮಾಂಸ, ಕುರುಕಲು ತಿಂಡಿ, ಹೋಟೆಲಿನ ಊಟಗಳ ಕಡೆಗೆ ಸರಿದಿದೆ. ಇವೆಲ್ಲವೂ ಮಸಾಲೆಯನ್ನು ಬೇಡುವ ಆಹಾರಗಳು. ಒಂದು ಕಾಲಕ್ಕೆ ಗೃಹಿಣಿ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ ಗಿರಣಿಗೆ ಕಳಿಸುತ್ತಿದ್ದಳು. ಇಂದು ನೂರು ಗ್ರಾಮಿನ ಪೊಟ್ಟಣ ತಿಂಗಳಿಗೆರಡು ಬಾರಿ ಕಿರಾಣಿ ಅಂಗಡಿಯಿಂದ ಬರುತ್ತದೆ. ಬೇಡಿಕೆಯ ಪ್ರಮಾಣದ ಜೊತೆಗೆ ಅದರ ರೂಪವೂ ಬದಲಾಗಿದೆ.

ಕಾಳುಮೆಣಸಿನ ಪಾಠ

ಈ ಬದಲಾವಣೆಯನ್ನು ಕಾಳುಮೆಣಸಿನಷ್ಟು ಸ್ಪಷ್ಟವಾಗಿ ತೋರಿಸುವ ಪದಾರ್ಥ ಮತ್ತೊಂದಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಕಾಲದಿಂದ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಮೆಣಸೆಂದರೆ ಪಶ್ಚಿಮ ಕರಾವಳಿ. 1990ರ ದಶಕದ ಕೊನೆಯಲ್ಲಿಯೂ ನಮ್ಮ ರಫ್ತು ನಲವತ್ತು ಸಾವಿರ ಟನ್ ಮುಟ್ಟಿದ್ದುಂಟು. 2001ರ ಸುಮಾರಿಗೆ ವಿಯೆಟ್ನಾಂ ನಮ್ಮನ್ನು ಹಿಂದೆ ಹಾಕಿತು. ಅಲ್ಲಿ ಮೆಣಸನ್ನು ಏಕಬೆಳೆಯಾಗಿ, ಕಂಬಗಳಿಗೆ ಹಬ್ಬಿಸಿ ಬೆಳೆಯುತ್ತಾರೆ. ನಮ್ಮಲ್ಲಿ ಅದು ಅಡಿಕೆ, ಕಾಫಿ ತೋಟಗಳ ಮರಗಳನ್ನು ಆಶ್ರಯಿಸಿದ ಉಪಬೆಳೆ, ಮೇಲಾಗಿ ಸೊರಗು ರೋಗದ ಕಾಟ. ಇಂದು ವಿಯೆಟ್ನಾಂ ವರ್ಷಕ್ಕೆ ಎರಡು ಲಕ್ಷ ಟನ್ನಿಗೂ ಮಿಕ್ಕಿ ಮಾರುತ್ತದೆ. ನಮ್ಮ ರಫ್ತು ಇಪ್ಪತ್ತು ಸಾವಿರ ಟನ್ನಿನ ಆಸುಪಾಸಿನಲ್ಲಿದೆ. ಕೆಲವು ವರ್ಷಗಳಲ್ಲಿ ನಮ್ಮ ಆಮದಿನ ತೂಕ ರಫ್ತಿನ ತೂಕವನ್ನು ಮೀರಿದೆ. ದೇಶದೊಳಗೆ ಮೊದಲ ಸ್ಥಾನವೂ ಕೇರಳದಿಂದ ಕರ್ನಾಟಕಕ್ಕೆ, ಅಂದರೆ ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳಿಗೆ ಬಂದಿದೆ.

ಮೇಲುನೋಟಕ್ಕೆ ಇದು ಸೋಲಿನ ಕಥೆ. ನಾನು ಹಾಗೆ ಭಾವಿಸುವುದಿಲ್ಲ. ವಿಯೆಟ್ನಾಂ ಮೆಣಸಿನ ದರವೇ ಜಗತ್ತಿನ ದರವಾಗಿದ್ದ ಅನೇಕ ವರ್ಷಗಳಲ್ಲಿ ನಮ್ಮ ಬೆಳೆಗಾರನಿಗೆ ಅದಕ್ಕಿಂತ ಹೆಚ್ಚು ದೊರೆತದ್ದು ದೇಶೀಯ ಗ್ರಾಹಕನಿಂದ. 2014ರಿಂದ 2016ರವರೆಗೆ ಕಿಲೋಗೆ 600-700 ರೂಪಾಯಿ ಕೊಟ್ಟು ಕೊಂಡವರು ನಮ್ಮವರೇ. ಆ ಗ್ರಾಹಕನೇ ಹೊರಗಿನ ಮೆಣಸನ್ನು ಒಳಗೆ ಸೆಳೆದದ್ದೂ ಹೌದು. 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದ, 2010ರಿಂದ ಜಾರಿಯಲ್ಲಿರುವ ಆಸಿಯಾನ್ ಒಪ್ಪಂದ, ರಫ್ತಿಗಾಗಿ ಸಂಸ್ಕರಿಸುವವರಿಗಿರುವ ಸುಂಕರಹಿತ ಆಮದಿನ ಸೌಲಭ್ಯ, ಇವು ಮೂರೂ ಬಾಗಿಲುಗಳೇ. ಬೆಳೆಗಾರರ ಒತ್ತಾಯದ ಮೇರೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರವನ್ನು ನಿಗದಿಪಡಿಸಿತು. 2018ರ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ದರದ ಆಮದನ್ನು ನಿಷೇಧಿಸಿತು. ಆದರೂ ಮರುವರ್ಷವೂ ಮಾರುಕಟ್ಟೆ ಚೇತರಿಸಿಕೊಳ್ಳಲಿಲ್ಲ. ಕಾಗದದ ಮೇಲಿನ ಕನಿಷ್ಠ ದರ ಬಿಲ್ಲಿನ ಮೊತ್ತವನ್ನು ಏರಿಸಬಲ್ಲುದೇ ಹೊರತು ಸರಕಿನ ದರವನ್ನಲ್ಲ ಎಂಬುದು ಬಿಲ್ಲುಗಳ ನಡುವೆಯೇ ಬದುಕುವ ನಮ್ಮಂಥವರಿಗೆ ಆಶ್ಚರ್ಯದ ಸಂಗತಿಯಲ್ಲ.

ಏಲಕ್ಕಿಯದು ಇದೇ ಕಥೆಯ ಹಳೆಯ ಅಧ್ಯಾಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗ್ವಾಟೆಮಾಲಾಕ್ಕೆ ಹೋದ ಗಿಡ 1980ರ ದಶಕದ ವೇಳೆಗೆ ಅರಬ್ ದೇಶಗಳ ಕಾಫಿ ಮಾರುಕಟ್ಟೆಯನ್ನು ನಮ್ಮಿಂದ ಕಿತ್ತುಕೊಂಡಿತು. ಕಟ್ಟೆ ರೋಗ ಮಲೆನಾಡಿನ ತೋಟಗಳನ್ನು ತಿಂದಿತು. ಏಲಕ್ಕಿಯನ್ನು ಬಿಳುಪು ಮಾಡಿ ದೇಶಕ್ಕೆಲ್ಲ ಹಂಚುತ್ತಿದ್ದ ಹಾವೇರಿಯಲ್ಲಿ ಇಂದು ಏಲಕ್ಕಿ ಹಾರ ಹೆಸರನ್ನು ಉಳಿಸಿಕೊಂಡಿದೆ. ಆದರೆ ಬೆಳೆ ಸಾಯಲಿಲ್ಲ. ಚಹಾ, ಸಿಹಿತಿಂಡಿ, ಪಾನ್ ಮಸಾಲೆಗಳ ದೇಶೀಯ ಬೇಡಿಕೆ ಅದನ್ನು ಎತ್ತಿ ನಿಲ್ಲಿಸಿತು. ಕೇರಳದ ಪ್ರವಾಹದ ಮರುವರ್ಷ, 2019ರ ಆಗಸ್ಟಿನ ಹರಾಜಿನಲ್ಲಿ ಕಿಲೋಗೆ 7,000 ರೂಪಾಯಿ ಕೂಗಿದ್ದು ನೆನಪಿರಬಹುದು. ಅಷ್ಟು ಕೊಡಬಲ್ಲ ಮಾರುಕಟ್ಟೆ ದೇಶದೊಳಗೇ ಇತ್ತು.

ಮಸಾಲೆ ಪುಡಿ ತಯಾರಿಸುವ ನಮ್ಮ ಸದಸ್ಯರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಸಾಂಬಾರ ಪದಾರ್ಥಗಳ ತವರೆಂದು ನಾವು ಹೇಳಿಕೊಳ್ಳುತ್ತೇವೆ. ಒಂದು ಗರಂ ಮಸಾಲೆ ಪೊಟ್ಟಣವನ್ನು ಬಿಚ್ಚಿ ನೋಡಿ. ಲವಂಗದ ಬಹುಪಾಲು ಮಡಗಾಸ್ಕರ್, ಟಾಂಜಾನಿಯಾ, ಶ್ರೀಲಂಕಾಗಳಿಂದ ಬಂದದ್ದು. ಚಕ್ಕೆ ವಿಯೆಟ್ನಾಂ, ಚೀನಾಗಳದು. ಅನಾನಸ್ ಹೂವಿನ ಬಹುಪಾಲು ವಿಯೆಟ್ನಾಮಿನದು. ಸಾರಿನ ಪುಡಿಗೆ ಬೀಳುವ ಇಂಗಿನ ಹಾಲು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರಬೇಕು. ಹಿಮಾಚಲದ ಲಾಹೌಲಿನಲ್ಲಿ ಇಂಗಿನ ಗಿಡ ನೆಟ್ಟದ್ದೇ 2020ರಲ್ಲಿ. ಡಾಲರ್ ಏರಿದರೆ ರಫ್ತುದಾರನಿಗೆ ಲಾಭವೆಂಬ ಮಾತು ಸರಿ. ಅದೇ ಏರಿಕೆ ದಾವಣಗೆರೆಯ ಮಸಾಲೆ ಘಟಕದ ಕಚ್ಚಾ ಸಾಮಗ್ರಿಯ ವೆಚ್ಚವನ್ನೂ ಏರಿಸುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ದೇಶೀಯ ಜೀರಿಗೆಯೂ ನೆಮ್ಮದಿ ಕೊಡಲಿಲ್ಲ. ಗುಜರಾತ್, ರಾಜಸ್ಥಾನಗಳಲ್ಲಿ ಬೆಳೆ ಕೈಕೊಟ್ಟ 2023ರಲ್ಲಿ ವಾಯಿದಾ ದರ ಕ್ವಿಂಟಲಿಗೆ 60 ಸಾವಿರ ರೂಪಾಯಿ ದಾಟಿತ್ತು. ಪೊಟ್ಟಣದ ಮೇಲೆ ದರ ಮುದ್ರಿಸಿ ಮೂರು ತಿಂಗಳು ಮುಂಚಿತವಾಗಿ ಅಂಗಡಿಗಳಿಗೆ ಒಪ್ಪಿಸಿದ ಸಣ್ಣ ತಯಾರಕ ಆ ಬೇಸಿಗೆಯಲ್ಲಿ ಎಷ್ಟು ಬಂಡವಾಳ ಕರಗಿಸಿದನೆಂಬುದು ಅವನಿಗೂ ಅವನ ಲೆಕ್ಕಿಗನಿಗೂ ಮಾತ್ರ ಗೊತ್ತು.

ಬ್ಯಾಡಗಿಯ ಆ ಸೋಮವಾರ

ಇನ್ನು ಮೆಣಸಿನಕಾಯಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ನಡೆದುದನ್ನು ಉತ್ತರ ಕರ್ನಾಟಕದ ಯಾವ ವರ್ತಕನೂ ಮರೆತಿಲ್ಲ. ದರ ಕುಸಿಯಿತೆಂದು ಕೆರಳಿದ ರೈತರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಅದನ್ನು ಶಾಂತಿ ಸುವ್ಯವಸ್ಥೆಯ ಪ್ರಶ್ನೆಯಾಗಿ ಮಾತ್ರ ನೋಡಿದವರು ಹಿಂದಿನ ಮೂರು ವರ್ಷಗಳ ಲೆಕ್ಕವನ್ನು ನೋಡಲಿಲ್ಲ. 2021-22ರಲ್ಲಿ ಕಪ್ಪು ಥ್ರಿಪ್ಸ್ ಕೀಟ ಆಂಧ್ರ, ತೆಲಂಗಾಣ, ಕರ್ನಾಟಕಗಳ ಬೆಳೆಯನ್ನು ಹಾಳುಮಾಡಿತು. ದರ ಏರಿತು. ಏರಿದ ದರವನ್ನು ನೋಡಿ ಬಳ್ಳಾರಿ, ರಾಯಚೂರು, ಗುಂಟೂರುಗಳ ರೈತರು ಮೆಣಸಿನಕಾಯಿಯ ಕಡೆಗೆ ತಿರುಗಿದರು. ದರ ಇನ್ನೂ ಏರುತ್ತದೆಂದು ವರ್ತಕರೂ ರೈತರೂ ಶೀತಲಗೃಹಗಳನ್ನು ತುಂಬಿದರು. ಹೊಸ ಬೆಳೆ ಬಂದಾಗ ಹಳೆಯ ದಾಸ್ತಾನು ಇನ್ನೂ ಒಳಗಿತ್ತು. ಮರುವರ್ಷ ಗುಂಟೂರಿನಲ್ಲಿಯೂ ದರ ಬಿದ್ದು, 2025ರ ಫೆಬ್ರುವರಿಯಲ್ಲಿ ಕೇಂದ್ರವು ಆಂಧ್ರದ ಮೆಣಸಿನಕಾಯಿಗೆ ಕ್ವಿಂಟಲಿಗೆ 11,781 ರೂಪಾಯಿಯ ಮಾರುಕಟ್ಟೆ ಮಧ್ಯಪ್ರವೇಶ ದರವನ್ನು ಘೋಷಿಸಬೇಕಾಯಿತು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಗುಂಟೂರಿನ ಕಾಯಿ ಖಾರಕ್ಕೆ, ಬ್ಯಾಡಗಿಯದು ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಕಾಯಿಯ ಬೆಲೆ ಅದರ ಕೆಂಪಿನಲ್ಲಿದೆ. ಆ ಕೆಂಪನ್ನು ಓಲಿಯೋರೆಸಿನ್ ಕಾರ್ಖಾನೆಗಳು ಹಿಂಡಿ ತೆಗೆದು ಆಹಾರಕ್ಕೂ ಸೌಂದರ್ಯವರ್ಧಕಗಳಿಗೂ ಮಾರುತ್ತವೆ. ಆದರೆ ಬಣ್ಣ ಕಾಲಕ್ರಮೇಣ ಮಾಸುತ್ತದೆ. ಶೀತಲಗೃಹ ಅದನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ವರ್ಷಾಂತ್ಯದ ದಾಸ್ತಾನನ್ನು ಕೊಂಡ ದರಕ್ಕೋ ಮಾರಿದರೆ ಬರಬಹುದಾದ ದರಕ್ಕೋ, ಯಾವುದು ಕಡಿಮೆಯೋ ಅದಕ್ಕೆ ಲೆಕ್ಕ ಹಾಕಬೇಕೆಂಬುದು ನಮ್ಮ ವೃತ್ತಿಯ ಪ್ರಾಥಮಿಕ ಪಾಠ. ಎರಡನೆಯ ವರ್ಷಕ್ಕೆ ಕಾಲಿಟ್ಟ ಚೀಲಗಳನ್ನು ಕೊಂಡ ದರದಲ್ಲಿಯೇ ತೋರಿಸಿ ಬ್ಯಾಂಕಿನಿಂದ ಸಾಲ ಪಡೆಯುವ ಪದ್ಧತಿ ನಮ್ಮಲ್ಲಿ ಕಡಿಮೆಯೇನಲ್ಲ. ಕಾಯಿಯ ಬಣ್ಣ ಹೋಗಿರುತ್ತದೆ, ತಖ್ತೆಯ ಬಣ್ಣ ಮಾತ್ರ ಹಾಗೆಯೇ ಇರುತ್ತದೆ. ದರ ಬಿದ್ದ ದಿನ ಈ ಅಂತರವೆಲ್ಲ ಒಮ್ಮೆಗೇ ಹೊರಬೀಳುತ್ತದೆ.

ಟೆಂಡರಿನಲ್ಲಿ ದರ ಬರೆಯುವ ಖರೀದಿದಾರ ಇಂದಿಗೂ ಕಣ್ಣಿನಿಂದ ನೋಡಿ, ಕೈಯಿಂದ ಮುರಿದು ಗುಣಮಟ್ಟ ಅಳೆಯುತ್ತಾನೆ. ಅವನ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಕಾಯಿ ಕಾರ್ಖಾನೆಯ ಬಾಗಿಲಿಗೆ ಹೋದಾಗ ಬಣ್ಣದ ಅಂಕ, ತೇವಾಂಶ, ಕೀಟನಾಶಕದ ಶೇಷ ಎಲ್ಲವೂ ಯಂತ್ರದಲ್ಲಿ ಅಳೆಯಲ್ಪಡುತ್ತವೆ. ರೈತನಿಗೆ ತಿಳಿಯದ, ದಲಾಲರಿಗೂ ತಿಳಿಯದ ಮಾಹಿತಿ ಕೊನೆಯ ಖರೀದಿದಾರನಿಗೆ ಮಾತ್ರ ತಿಳಿದಿದ್ದರೆ ದರ ಯಾರ ಕೈಯಲ್ಲಿರುತ್ತದೆ ಎಂಬುದನ್ನು ವಿವರಿಸಬೇಕಿಲ್ಲ. ಹೊಸ ಸಂಕರಣ ತಳಿಗಳು ಬ್ಯಾಡಗಿಯ ಹೆಸರಿನಲ್ಲಿಯೇ ಮಾರಾಟವಾಗುವ ಈ ದಿನಗಳಲ್ಲಿ ಅಳತೆಯಿಲ್ಲದೆ ಹೆಸರಿಗೂ ಬೆಲೆ ಉಳಿಯದು.

ಗುಣಮಟ್ಟ ರಫ್ತುದಾರನಿಗೆ ಸೇರಿದ್ದು, ಊರಿನ ಗಿರಾಕಿಗೆ ಎಂಥದ್ದಾದರೂ ನಡೆಯುತ್ತದೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. 2003ರಲ್ಲಿ ಯೂರೋಪಿನಲ್ಲಿ ನಮ್ಮ ಮೆಣಸಿನ ಪುಡಿಯಲ್ಲಿ ಸುಡಾನ್ ಬಣ್ಣ ಪತ್ತೆಯಾದಾಗ ರಫ್ತಿನ ಸರಕಿಗೆ ಪರೀಕ್ಷೆ ಕಡ್ಡಾಯವಾಯಿತು. 2012ರ ಕೊನೆಯಲ್ಲಿ ಕೊಚ್ಚಿಯ ವಾಯಿದಾ ಗೋದಾಮುಗಳ ಮೆಣಸಿನಲ್ಲಿ ಖನಿಜ ತೈಲವಿದೆಯೆಂಬ ಕಾರಣಕ್ಕೆ ಸಾವಿರಾರು ಟನ್ ಸರಕಿಗೆ ಬೀಗ ಬಿತ್ತು. 2024ರ ಏಪ್ರಿಲಿನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳು ನಮ್ಮ ಹೆಸರಾಂತ ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ಆಕ್ಷೇಪಿಸಿದಾಗ ಅಲ್ಲಿಗೆ ಹೋಗುವ ಸರಕಿಗೆ ಮತ್ತೆ ಕಡ್ಡಾಯ ಪರೀಕ್ಷೆ ಬಂತು. ಹೆಚ್ಚಿನ ಬಾರಿ ಹೊರಗಿನವರು ಬೆರಳು ತೋರಿಸಿದ ಮೇಲೆ ಹೊರಗಿನವರಿಗಾಗಿ ಪರೀಕ್ಷೆ. ಏಳರಲ್ಲಿ ಆರು ಪಾಲು ಉಣ್ಣುವವನಿಗೆ ಇಲ್ಲದ ಶಿಸ್ತು ಉಳಿದ ಒಂದು ಪಾಲಿನಲ್ಲಿ ಬಹುಕಾಲ ನಿಲ್ಲಲಾರದು. ಒಂದೇ ಗಿರಣಿ, ಒಂದೇ ಚೀಲ, ಒಂದೇ ಗೋದಾಮು.

ದೊಡ್ಡ ಬಂಡವಾಳಕ್ಕೆ ಈ ಸತ್ಯ ನಮಗಿಂತ ಮೊದಲೇ ಹೊಳೆದಿದೆ. ನಾರ್ವೆಯ ಓರ್ಕ್ಲಾ 2007ರಲ್ಲಿಯೇ ಬೆಂಗಳೂರಿನ ಎಂಟಿಆರ್ ಅನ್ನು ಕೊಂಡಿತು. ಮುಂದೆ ಕೇರಳದ ಈಸ್ಟರ್ನ್ ಅನ್ನೂ ಸೇರಿಸಿಕೊಂಡು 2025ರಲ್ಲಿ ಷೇರುಪೇಟೆಗೆ ಬಂದಿತು. ಐಟಿಸಿ 2020ರಲ್ಲಿ ಬಂಗಾಳದ ಸನ್‌ರೈಸ್ ಅನ್ನು, ಡಾಬರ್ 2022-23ರಲ್ಲಿ ಬಾದ್‌ಶಾದ ಬಹುಪಾಲನ್ನು, ವಿಪ್ರೋ ಗ್ರಾಹಕ ವಿಭಾಗ ನಿರಪರವನ್ನು ಕೊಂಡವು. ಸಾಬೂನು, ಸಿಗರೇಟು ಮಾರುವ ಕಂಪನಿಗಳು ಮಸಾಲೆ ಪುಡಿಗೆ ಕೈಹಾಕಿದ್ದು ರಫ್ತಿನ ಆಸೆಯಿಂದಲ್ಲ. ಸಣ್ಣ ಊರಿನ ಅಡುಗೆಮನೆಯಲ್ಲಿ ಬಿಡಿ ಪುಡಿಯ ಜಾಗಕ್ಕೆ ಪೊಟ್ಟಣ ಬರುತ್ತಿದೆ ಎಂಬ ಲೆಕ್ಕಾಚಾರದಿಂದ. ನಮ್ಮ ಜಿಲ್ಲೆಗಳ ಖಾರದಪುಡಿ, ಸಾಂಬಾರ್ ಪುಡಿ ತಯಾರಕರ ಮುಂದಿರುವ ಸ್ಪರ್ಧೆ ಇದು. ಅವರಿಗಿರುವ ಅನುಕೂಲ ರುಚಿ. ಧಾರವಾಡದ ಮಸಾಲೆ ಖಾರ ಮಂಗಳೂರಿನಲ್ಲಿ ನಡೆಯದು, ಕುಂದಾಪುರದ ಪುಡಿ ಬೀದರಿನಲ್ಲಿ ನಡೆಯದು. ದೇಶಕ್ಕೆಲ್ಲ ಒಂದೇ ಪುಡಿ ಮಾಡಿ ಮಾರಲು ಸಾಧ್ಯವಿಲ್ಲದ ತನಕ ಸಣ್ಣವನಿಗೆ ಸ್ಥಳವಿದೆ. ಆದರೆ ಪರೀಕ್ಷಾ ವರದಿಯಿಲ್ಲದ ರುಚಿಯನ್ನು ದೊಡ್ಡ ಮಳಿಗೆಗಳು ಕಪಾಟಿನಲ್ಲಿ ಇಡುವುದಿಲ್ಲ.

ತೆರಿಗೆಯ ಕುರಿತು ಎರಡು ಮಾತು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. 2017ರ ಜುಲೈಯಿಂದ ಒಣ ಸಾಂಬಾರ ಪದಾರ್ಥಗಳಿಗೆ ಶೇ. 5ರ ಜಿಎಸ್‌ಟಿ. ಮಸಾಲೆಗಳ ಮಿಶ್ರಣ ಒಂಬತ್ತನೆಯ ಅಧ್ಯಾಯಕ್ಕೆ ಸೇರುತ್ತದೆಯೋ, ಬೇರೆ ವಸ್ತುಗಳು ಬೆರೆತು ಅದರ ಮೂಲ ಸ್ವರೂಪ ಬದಲಾದಾಗ 2103ರ ಶೀರ್ಷಿಕೆಗೆ ಹೋಗುತ್ತದೆಯೋ ಎಂಬ ವಿವಾದ ಬಹುಕಾಲ ಕಾಡಿತು, ಎರಡನೆಯದಕ್ಕೆ ಶೇ. 12ರ ದರವಿತ್ತು. 2025ರ ಸೆಪ್ಟೆಂಬರ್ 22ರಿಂದ ಅದೂ ಶೇ. 5ಕ್ಕೆ ಇಳಿದಿರುವುದರಿಂದ ಮುಂದಿನ ವ್ಯವಹಾರಕ್ಕೆ ತೊಡಕಿಲ್ಲ. ಹಿಂದಿನ ಅವಧಿಯ ವಿಂಗಡಣೆಯ ದಾಖಲೆಗಳನ್ನು, ಯಾವ ಪುಡಿಗೆ ಏನೇನು ಎಷ್ಟು ಹಾಕಲಾಗಿತ್ತು ಎಂಬ ಪಟ್ಟಿಯ ಸಹಿತ, ಜೋಪಾನವಾಗಿಡಿ. ಹಾಗೆಯೇ ಬೆಳೆಗಾರನು ತಾನು ಬೆಳೆದ ಕಾಳುಮೆಣಸನ್ನು ಹಸಿಯಾಗಿ ಮಾರಲಿ, ಒಣಗಿಸಿ ಮಾರಲಿ, ಅವನು ತೆರಿಗೆಗೆ ಬಾಧ್ಯನಲ್ಲವೆಂದು 2024ರ ಡಿಸೆಂಬರಿನ ಮಂಡಳಿ ಸಭೆ ಸ್ಪಷ್ಟಪಡಿಸಿತು. ಒಣಗಿಸುವುದು ಕೃಷಿಯೇ ಹೊರತು ಕೈಗಾರಿಕೆಯಲ್ಲ ಎಂಬಷ್ಟನ್ನು ಒಪ್ಪಿಸಲು ಏಳು ವರ್ಷ ಬೇಕಾಯಿತು.

ಮುಂದಿನ ಹಂಗಾಮಿಗೆ ಮುನ್ನ ನಮ್ಮ ಸಂಸ್ಥೆಯು ಎರಡು ಬೇಡಿಕೆಗಳನ್ನು ಸರ್ಕಾರದ ಮುಂದಿಡುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರದ ಟೆಂಡರಿಗೆ ಬರುವ ಪ್ರತಿ ರಾಶಿಯ ತೇವಾಂಶ ಮತ್ತು ಬಣ್ಣದ ಅಂಕವನ್ನು ದರ ಬರೆಯುವುದಕ್ಕೆ ಮುನ್ನ ಫಲಕದಲ್ಲಿ ಪ್ರಕಟಿಸಬೇಕು. ಪರೀಕ್ಷೆಯ ವೆಚ್ಚವನ್ನು ಮಾರುಕಟ್ಟೆ ಶುಲ್ಕದಿಂದಲೇ ಭರಿಸಬಹುದು. ಶೀತಲಗೃಹಗಳಲ್ಲಿರುವ ದಾಸ್ತಾನಿನ ಚೀಲಗಳ ಸಂಖ್ಯೆಯನ್ನು, ಯಾರದೆಂಬ ಹೆಸರಿಲ್ಲದೆ, ಯಾವ ವರ್ಷದ ಬೆಳೆಯೆಂಬ ವಿವರದೊಂದಿಗೆ, ಪ್ರತಿ ತಿಂಗಳೂ ಪ್ರಕಟಿಸಬೇಕು. ಎರಡನೆಯದಕ್ಕೆ ನಮ್ಮ ಸದಸ್ಯರಲ್ಲಿಯೇ ಕೆಲವರು ಒಪ್ಪಲಾರರೆಂಬುದು ನನಗೆ ತಿಳಿದಿದೆ. ದಾಸ್ತಾನಿನ ಗುಟ್ಟಿನಲ್ಲಿ ಲಾಭವಿದೆಯೆಂಬುದು ಅವರ ವಾದ. 2024ರ ಮಾರ್ಚಿನಲ್ಲಿ ಒಳಗೆ ಎಷ್ಟು ಚೀಲಗಳಿದ್ದವೆಂದು ಬಿತ್ತನೆಯ ಸಮಯದಲ್ಲಿಯೇ ರೈತರಿಗೂ ಬ್ಯಾಂಕಿನವರಿಗೂ ತಿಳಿದಿದ್ದರೆ, ಅಷ್ಟೊಂದು ಎಕರೆಗಳಲ್ಲಿ ಮೆಣಸಿನ ಸಸಿ ನಾಟಿಯಾಗುತ್ತಿತ್ತೇ ಎಂಬ ನನ್ನ ಪ್ರಶ್ನೆಗೆ ಅವರು ಮುಂದಿನ ಸಭೆಯಲ್ಲಿ ಉತ್ತರಿಸಲಿ.